ಕಳ್ಳನ ಪ್ರಾಣವೂ ಒಡೆಯನ ಸೊತ್ತೂ

ಸುಗ್ಗಿಯ ದಿವಸಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಅನೇಕ ಸಾರಿ ಕೇಳಬರುವ ಒಂದು ಪ್ರಶ್ನೆಯನ್ನು ವಿಚಾರಿಸಿ ನೋಡೋಣ. ಕಣದಲ್ಲಿ ರಾಗಿಯ ರಾಶಿ ಬಿದ್ದಿರುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಹಟ್ಟಿಯಲ್ಲಿ ಕುರಿಗಳು ಮಲಗಿರುತ್ತವೆ. ವರುಷವೆಲ್ಲಾ ಬೆವರು ಸುರಿಸಿ ಕೂಡಿಸಿದ ಈ ಸೊತ್ತನ್ನು ಒಂದೇ ರಾತ್ರಿಯಲ್ಲಿ ಹೊತ್ತುಕೊಂಡು ಹೋಗುವದಕ್ಕೆ ಕಳ್ಳನು ಬಂದರೆ ಒಡೆಯನು ಏನು ಮಾಡಬಹುದು? ಕೂಗಬಹುದು, ಓಡಿಸಬಹುದು, ಹಿಡಿಯಬಹುದು ಎಂಬದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅವನನ್ನು ಕೊಲ್ಲಬಹುದೋ?

ಇದಕ್ಕೆ ಜನರು ಎರಡು ವಿಧವಾಗಿ ಉತ್ತರ ಕೊಡುತ್ತಾರೆ. ಕದಿಯಲಿಕ್ಕೆ ಬಂದವನು ತನ್ನ ಪ್ರಾಣವನ್ನು ತಾನೇ ಪಣಕ್ಕಿಟ್ಟು ಬಂದಿದ್ದಾನೆ, ಸತ್ತರೆ ಆ ರಕ್ತವು ಅವನ ತಲೆಯ ಮೇಲೆಯೇ ಇರಲಿ ಎಂದು ಕೆಲವರು ಹೇಳುತ್ತಾರೆ. ಬೇರೆ ಕೆಲವರು, ಭಕ್ತಿಯುಳ್ಳವನು ಯಾರ ಮೇಲೆಯೂ ಕೈ ಎತ್ತಲೇಬಾರದು, ಒಯ್ಯುವವನು ಒಯ್ಯಲಿ ಎನ್ನುತ್ತಾರೆ. ಮೊದಲನೆಯವರು ಸೊತ್ತನ್ನು ಪ್ರಾಣಕ್ಕೆ ಸಮಮಾಡುತ್ತಾರೆ. ಎರಡನೆಯವರು ತಮ್ಮ ಮನೆಯ ಹೆಂಗಸರನ್ನೂ ಮಕ್ಕಳನ್ನೂ ನೆರೆಯವರನ್ನೂ ಕಳ್ಳರ ದಯೆಗೆ ಒಪ್ಪಿಸಿಬಿಡುತ್ತಾರೆ. ನಮ್ಮ ದೇಶದ ಕಾನೂನು ಈ ಎರಡು ದಾರಿಗಳಲ್ಲಿ ಯಾವದನ್ನೂ ಹಿಡಿಯುವದಿಲ್ಲ. ಅದು ನಡುವೆ ಒಂದು ಗೆರೆಯನ್ನು ಎಳೆದದೆ. ಆ ಗೆರೆ ಎಲ್ಲಿರುತ್ತದೆ, ಯಾಕೆ ಅಲ್ಲಿರುತ್ತದೆ ಎಂಬದನ್ನು ತಿಳಿಯದೆ ಎಷ್ಟೋ ಸಜ್ಜನರು ಒಂದೇ ಗಳಿಗೆಯಲ್ಲಿ ಕೊಲೆಗಾರರಾಗಿ ಸೆರೆಮನೆಯನ್ನು ಸೇರಿದ್ದಾರೆ. ಆದದರಿಂದ ಅದನ್ನು ಸ್ಪಷ್ಟವಾಗಿ ತಿಳುಕೊಳ್ಳುವದು ಅವಶ್ಯ.

ಮೆಕಾಲೆಯು ಮುಖ್ಯಸ್ಥನಾಗಿದ್ದ ಕಾನೂನು ಆಯೋಗವು ೧೮೩೭ರಲ್ಲಿ ಸಿದ್ಧಪಡಿಸಿದ ಕರಡು, ೧೮೬೦ನೇ ಇಸವಿಯಲ್ಲಿ ಭಾರತೀಯ ದಂಡ ಸಂಹಿತೆಯಾಗಿ ಅಂಗೀಕರಿಸಲ್ಪಟ್ಟು, ೧೮೬೨ನೇ ಜನವರಿ ೧ರಿಂದ ಜಾರಿಗೆ ಬಂದಿತು. ೨೦೨೪ನೇ ಜುಲೈ ೧ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ನಡೆಯುತ್ತದೆ. ಕಾನೂನಿನ ಹೆಸರೂ ಕಲಮುಗಳ ಅಂಕೆಯೂ ಬದಲಾದವು; ಆದರೆ ಸ್ವರಕ್ಷಣೆಯ ವಿಷಯದಲ್ಲಿ ಹಳೆಯ ಕಾನೂನು ಹೇಳಿದ್ದನ್ನೇ ಹೊಸದೂ ಬಹುಮಟ್ಟಿಗೆ ಹೇಳುತ್ತದೆ. ಹಿಂದೆ ೯೬ರಿಂದ ೧೦೬ರ ವರೆಗಿನ ಕಲಮುಗಳಲ್ಲಿ ಇದ್ದದ್ದು ಈಗ ೩೪ರಿಂದ ೪೪ರ ವರೆಗಿನ ಕಲಮುಗಳಲ್ಲಿ ಅದೆ.

ಈ ಕಾನೂನಿನ ಮೊದಲನೇ ಮಾತು ಧೈರ್ಯದ ಮಾತೇ. ಪ್ರತಿಯೊಬ್ಬನಿಗೆ ತನ್ನ ಶರೀರವನ್ನೂ ಪರರ ಶರೀರವನ್ನೂ ಕಾಪಾಡುವ ಹಕ್ಕು ಉಂಟು. ಹಾಗೆಯೇ ಕಳ್ಳತನ, ಸುಲಿಗೆ, ಹಾನಿ, ಅಕ್ರಮ ಪ್ರವೇಶ ಇವುಗಳಿಂದ ತನ್ನ ಸೊತ್ತನ್ನೂ ನೆರೆಯವನ ಸೊತ್ತನ್ನೂ ಕಾಪಾಡುವ ಹಕ್ಕು ಉಂಟು. ಆ ಹಕ್ಕನ್ನು ನಡಿಸುವದರಲ್ಲಿ ಮಾಡಿದ ಯಾವದೂ ಅಪರಾಧವಲ್ಲವೆಂದು ೩೪ನೇ ಕಲಮು ಹೇಳುತ್ತದೆ. ಕರಡನ್ನು ಬರೆದವರು, ಈ ದೇಶದ ಜನರು ದರೋಡೆಗಾರರ ಹಿಂಸೆಯನ್ನು ಮಿತಿಮೀರಿ ತಾಳಿಕೊಳ್ಳುತ್ತಾರೆಂದು ವ್ಯಸನಪಟ್ಟು, ಅವರಲ್ಲಿ ಧೈರ್ಯವನ್ನು ಹುಟ್ಟಿಸಬೇಕೆಂಬ ಉದ್ದೇಶದಿಂದಲೇ ಈ ಹಕ್ಕನ್ನು ವಿಶಾಲವಾಗಿ ಇಟ್ಟರು. ಆದಕಾರಣ ನೆರೆಮನೆಯಲ್ಲಿ ಕಳ್ಳರು ನುಗ್ಗಿದ ಕೂಗು ಕೇಳಿ, ನಮಗೇಕೆ ಎಂದು ಕದ ಹಾಕಿಕೊಂಡು ಮಲಗುವವನು ಕಾನೂನನ್ನು ನೆವಮಾಡಕೂಡದು. ಎದ್ದು ಹೋಗಿ ಸಹಾಯಮಾಡುವದಕ್ಕೆ ಕಾನೂನು ಅವನಿಗೆ ಅಪ್ಪಣೆ ಕೊಟ್ಟದೆ.

ಆದರೆ ಹಕ್ಕು ಕೊಟ್ಟ ಕಾನೂನೇ ಅದಕ್ಕೆ ಬೇಲಿಯನ್ನೂ ಕಟ್ಟಿದೆ. ೩೭ನೇ ಕಲಮಿನ ಪ್ರಕಾರ, ರಕ್ಷಣೆಗೆ ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ಕೇಡನ್ನು ಯಾವ ಸಂದರ್ಭದಲ್ಲಿಯೂ ಮಾಡಬಾರದು. ಪೋಲೀಸು ಮೊದಲಾದ ಸರಕಾರದವರ ಸಹಾಯವನ್ನು ಪಡೆಯುವದಕ್ಕೆ ಸಮಯವಿದ್ದರೆ ಈ ಹಕ್ಕೇ ಇರುವದಿಲ್ಲ. ೪೨ನೇ ಕಲಮಿನ ಪ್ರಕಾರ, ಸಾಧಾರಣವಾದ ಕಳ್ಳತನ, ಹಾನಿ, ಅಕ್ರಮ ಪ್ರವೇಶ ಇವುಗಳನ್ನು ತಡೆಯುವದಕ್ಕೆ ಮರಣದ ಹೊರತು ಬೇರೆ ಕೇಡನ್ನು ಮಾಡಬಹುದೇ ವಿನಾ ಬೇಕೆಂದು ಪ್ರಾಣವನ್ನು ತೆಗೆಯಕೂಡದು. ತೋಟದಲ್ಲಿ ಎಳನೀರು ಕೀಳುವವನನ್ನೂ, ಹೊಲದಲ್ಲಿ ಜೋಳದ ತೆನೆ ಮುರಿಯುವವನನ್ನೂ, ಮಾವಿನ ಮರ ಹತ್ತಿದ ಹುಡುಗನನ್ನೂ ಅಟ್ಟಬಹುದು, ಹಿಡಿಯಬಹುದು, ಹಿಡಿಯುವಾಗ ಅವನು ಎದುರುಬಿದ್ದರೆ ಬೇಕಾದಷ್ಟು ಬಲವನ್ನು ಉಪಯೋಗಿಸಬಹುದು. ಕೊಲ್ಲುವದಕ್ಕೆ ಅಪ್ಪಣೆ ಇಲ್ಲ.

ಹಾಗಾದರೆ ಸೊತ್ತನ್ನು ಕಾಪಾಡುವಾಗ ಪ್ರಾಣ ತೆಗೆಯುವ ವರೆಗೆ ಹೋಗುವ ಹಕ್ಕು ಎಂದಾದರೂ ಉಂಟೋ? ಉಂಟು. ೪೧ನೇ ಕಲಮು ನಾಲ್ಕು ಸಂಗತಿಗಳನ್ನು ಹೆಸರಿಸುತ್ತದೆ.

೧. ಸುಲಿಗೆ. ಅಂದರೆ ಬರೀ ಕಳ್ಳತನವಲ್ಲ. ಹೊಡೆದು, ಕಟ್ಟಿಹಾಕಿ, ಇಲ್ಲವೆ ಆ ಕ್ಷಣದಲ್ಲಿಯೇ ಕೊಲ್ಲುತ್ತೇನೆ ಹೊಡೆಯುತ್ತೇನೆ ಎಂದು ಹೆದರಿಸಿ ಕಿತ್ತುಕೊಳ್ಳುವದು.

೨. ಸೂರ್ಯಾಸ್ತಮಾನದ ನಂತರ, ಸೂರ್ಯೋದಯಕ್ಕೆ ಮುಂಚೆ, ಕನ್ನ ಹಾಕಿಯಾಗಲಿ ಬೀಗ ಮುರಿದಾಗಲಿ ಮನೆಯೊಳಗೆ ನುಗ್ಗುವದು.

೩. ಜನರು ವಾಸಮಾಡುವ ಇಲ್ಲವೆ ಸಾಮಾನು ಇಡುವ ಕಟ್ಟಡಕ್ಕಾಗಲಿ ಗುಡಾರಕ್ಕಾಗಲಿ ಹಡಗಿಗಾಗಲಿ ಬೆಂಕಿಯಿಂದಲೋ ಸಿಡಿಮದ್ದಿನಿಂದಲೋ ಹಾನಿಮಾಡುವದು.

೪. ಕಳ್ಳತನವೇ ಆಗಲಿ, ಹಾನಿಯೇ ಆಗಲಿ, ಮನೆಯೊಳಗೆ ಅಕ್ರಮವಾಗಿ ಹೊಗುವದೇ ಆಗಲಿ, ಸುಮ್ಮನಿದ್ದರೆ ಯಾರಿಗಾದರೂ ಮರಣವೋ ಭಾರೀ ಗಾಯವೋ ಆಗುವದೆಂದು ನ್ಯಾಯವಾಗಿ ಭಯಪಡತಕ್ಕ ಸ್ಥಿತಿಯಲ್ಲಿ ನಡೆಯುವಂಥದು.

ಈ ನಾಲ್ಕನ್ನು ನಿಧಾನವಾಗಿ ಓದಿರಿ. ಬಂಗಾರ ಇಷ್ಟು ತೊಲೆ ಇದ್ದರೆ ಕೊಲ್ಲಬಹುದು, ದವಸ ಇಷ್ಟು ಮೂಟೆ ಇದ್ದರೆ ಕೊಲ್ಲಬಹುದು ಎಂಬ ಮಾತು ಇವುಗಳಲ್ಲಿ ಎಲ್ಲಿಯಾದರೂ ಅದೆಯೋ? ಒಂದು ಕಡೆಯಲ್ಲಿಯೂ ಇಲ್ಲ. ಸೊತ್ತಿನ ಬೆಲೆಯನ್ನು ಕಾನೂನು ಇಲ್ಲಿ ಕೇಳುವದೇ ಇಲ್ಲ. ಅದು ಕೇಳುವದು ಭಯವನ್ನು. ಸುಲಿಗೆಗಾರನು ಕತ್ತಿ ಹಿಡುಕೊಂಡಿದ್ದಾನೆ. ಕತ್ತಲಲ್ಲಿ ಗೋಡೆ ಕೊರೆದು ಬಂದವನ ಕೈಯಲ್ಲಿ ಏನದೆಯೋ ತಿಳಿಯದು. ಮನೆಗೆ ಹತ್ತಿದ ಬೆಂಕಿ ಒಳಗೆ ಮಲಗಿದ ಕೂಸನ್ನು ಬಿಡುವದಿಲ್ಲ. ಸೊತ್ತಿನ ಅಪಾಯವು ಮನುಷ್ಯರ ಅಪಾಯವಾಗಿ ತಿರುಗುವ ಸ್ಥಳವು ಎಲ್ಲಿಯೋ ಅಲ್ಲಿಯೇ ಗೆರೆ ಎಳೆಯಲ್ಪಟ್ಟದೆ. ಮೇಲೆ ನೋಡುವದಕ್ಕೆ ಸೊತ್ತಿಗಾಗಿ ಕೊಡಲ್ಪಟ್ಟ ಹಕ್ಕು; ಒಳಗೆ ನೋಡಿದರೆ ಅದು ಪ್ರಾಣಕ್ಕಾಗಿಯೇ ಕೊಡಲ್ಪಟ್ಟದ್ದು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಕಲಮುಗಳ ಅಂಕೆಯನ್ನು ಮರೆತರೂ ಚಿಂತೆ ಇಲ್ಲ.

ರಾತ್ರಿಯ ಸಂಗತಿಯನ್ನು ಇನ್ನೂ ಸ್ವಲ್ಪ ವಿವರಿಸಬೇಕು, ಯಾಕಂದರೆ ಇದು ಬಹಳ ಪುರಾತನವಾದದ್ದು. ಕ್ರಿಸ್ತಪೂರ್ವ ೪೫೦ರ ಸುಮಾರಿಗೆ ಬರೆಯಲ್ಪಟ್ಟ ರೋಮಿನವರ ಹನ್ನೆರಡು ಹಲಗೆಗಳ ಕಾನೂನಿನಲ್ಲಿ, ರಾತ್ರಿ ಕದಿಯುವವನನ್ನು ಕೊಂದರೆ ತಪ್ಪಿಲ್ಲ, ಹಗಲಲ್ಲಿಯಾದರೆ ಅವನು ಆಯುಧದಿಂದ ಎದುರಿಸಿದಾಗ ಮಾತ್ರ ಎಂಬ ಭೇದವಿತ್ತು. ವಿಮೋಚನಕಾಂಡದ ೨೨ನೇ ಅಧ್ಯಾಯದಲ್ಲಿರುವ ಮೋಶೆಯ ಕಟ್ಟಳೆಯೂ ಹಾಗೆಯೇ. ಕನ್ನ ಕೊರೆಯುವಾಗ ಸಿಕ್ಕಿದ ಕಳ್ಳನು ಪೆಟ್ಟುತಿಂದು ಸತ್ತರೆ ಹೊಡೆದವನ ಮೇಲೆ ರಕ್ತದ ಅಪರಾಧವಿಲ್ಲ. ಸೂರ್ಯನು ಹುಟ್ಟಿದ ಮೇಲಾದರೆ ಅಪರಾಧವುಂಟು. ಕತ್ತಲೆಗೆ ಏಕೆ ಇಷ್ಟು ಬಲ? ಕತ್ತಲಲ್ಲಿ ಬಂದವನ ಮನಸ್ಸು ತಿಳಿಯದು, ಮುಖ ಕಾಣದು, ನೆರೆಯವರು ಬೇಗ ಬರಲಾರರು. ಹಗಲಲ್ಲಿಯೋ ಅವನ ಕೈ ಕಾಣುತ್ತದೆ, ಗುರುತು ಸಿಕ್ಕುತ್ತದೆ, ಕೂಗಿದರೆ ಜನ ಕೂಡುತ್ತದೆ. ಅದೇ ಕಟ್ಟಳೆಯ ಮುಂದಿನ ಮಾತನ್ನು ಬಹುಮಂದಿ ಗಮನಿಸುವದಿಲ್ಲ. ಕಳ್ಳನು ಕದ್ದದ್ದಕ್ಕೆ ಬದಲು ಕೊಡಬೇಕು, ಕೊಡಲು ಏನೂ ಇಲ್ಲದಿದ್ದರೆ ಆಳಾಗಿ ಮಾರಲ್ಪಟ್ಟು ತೀರಿಸಬೇಕು ಎಂದು ಅಲ್ಲಿ ಬರೆದದೆ. ಬದುಕಿದ ಕಳ್ಳನು ನಷ್ಟವನ್ನು ತುಂಬಿಕೊಡಬಲ್ಲನು. ಸತ್ತ ಕಳ್ಳನಿಂದ ಒಂದು ಸೇರು ರಾಗಿಯಾದರೂ ತಿರುಗಿ ಬಾರದು.

ಇಲ್ಲಿ ಎರಡು ತಪ್ಪು ತಿಳುವಳಿಕೆಗಳನ್ನು ತೆಗೆದುಹಾಕಬೇಕು. ಕಾನೂನು ಹೇಳಿದ್ದು ರಾತ್ರಿಯಲ್ಲಿ ಮನೆಗೆ ಕನ್ನ ಹಾಕುವದನ್ನು. ರಾತ್ರಿಯಲ್ಲಿ ತೋಟಕ್ಕೆ ಬರುವದನ್ನಲ್ಲ. ಬೇಲಿ ಹಾರಿ ಅಡಿಕೆ ತೋಟಕ್ಕೆ ಇಳಿದವನು ನಡುರಾತ್ರಿಯಲ್ಲಿ ಬಂದರೂ ಅವನದು ಕಳ್ಳತನವೇ ಹೊರತು ಮನೆಗೆ ಕನ್ನ ಹಾಕಿದಂತಾಗದು. ಬಯಲಲ್ಲಿರುವ ಹುಲ್ಲಿನ ಬಣವೆಗೆ ಬೆಂಕಿ ಇಟ್ಟವನು ಘೋರ ಕೇಡು ಮಾಡಿದನು, ನಿಜ. ಆದರೂ ಬಣವೆಯು ಕಟ್ಟಡವಲ್ಲ. ಎರಡನೇದಾಗಿ, ರಾತ್ರಿ ಮನೆಗೆ ನುಗ್ಗಿದವನ ವಿಷಯದಲ್ಲಿ ಸಹ ಬೇಕಾದಷ್ಟಕ್ಕಿಂತ ಹೆಚ್ಚು ಕೇಡು ಮಾಡಬಾರದೆಂಬ ೩೭ನೇ ಕಲಮು ನಿದ್ರೆಮಾಡುವದಿಲ್ಲ. ದೀಪ ಹಚ್ಚಿದ ಕೂಡಲೆ ಗಂಟನ್ನು ಬಿಸಾಡಿ ಹಿತ್ತಲಿಂದ ಓಡಿಹೋದವನನ್ನು ಬೆನ್ನಟ್ಟಿ ಕೊಡಲಿಯಿಂದ ಕಡಿಯುವದು ರಕ್ಷಣೆಯಲ್ಲ, ಸೇಡು.

ಈಗ ಒಂದು ಕಠಿಣವಾದ ಆಕ್ಷೇಪಣೆಗೆ ಉತ್ತರ ಹೇಳಬೇಕು. ಒಬ್ಬ ಬಡ ರೈತನು ಹೀಗೆ ಕೇಳಬಹುದು: "ಅಯ್ಯಾ, ಸಾಹುಕಾರನಿಗೆ ಸೊತ್ತು ಬೇರೆ, ಪ್ರಾಣ ಬೇರೆ. ನನಗೆ ಹಾಗಲ್ಲ. ಸಾಲಮಾಡಿ ತಂದ ಜೋಡಿ ಎತ್ತುಗಳನ್ನು ಕದ್ದೊಯ್ದರೆ ಉಳುಮೆ ಇಲ್ಲ. ಉಳುಮೆ ಇಲ್ಲದಿದ್ದರೆ ಅನ್ನವಿಲ್ಲ. ಸಾಲಗಾರನು ಬಾಗಿಲಿಗೆ ಬರುತ್ತಾನೆ. ನನ್ನ ಎತ್ತುಗಳೇ ನನ್ನ ಪ್ರಾಣ. ಅವುಗಳನ್ನು ತೆಗೆಯುವವನು ನನ್ನ ಪ್ರಾಣವನ್ನೇ ತೆಗೆಯುತ್ತಾನಲ್ಲವೇ?" ಈ ಮಾತಿನಲ್ಲಿರುವ ಸಂಕಟವು ಸುಳ್ಳಲ್ಲ. ಇದನ್ನು ಹಗುರವಾಗಿ ತಳ್ಳಿಬಿಡುವವನು ಬಡತನವನ್ನು ಕಂಡವನಲ್ಲ.

ಆದರೂ ವಿಚಾರಿಸಿರಿ. ಎತ್ತನ್ನು ಕಳಕೊಂಡವನು ನಾಳೆ ದೂರು ಕೊಡಬಹುದು, ಹುಡುಕಬಹುದು, ನೆರೆಯವನ ಜೋಡಿಯನ್ನು ಕೇಳಬಹುದು, ಸಂಘದಲ್ಲಿ ಸಾಲ ಬೇಡಬಹುದು. ಇವೆಲ್ಲಾ ಕಷ್ಟದ ದಾರಿಗಳು, ಆದರೆ ದಾರಿಗಳೇ. ಪ್ರಾಣ ಹೋದವನಿಗೆ ನಾಳೆ ಎಂಬದೇ ಇಲ್ಲ. ಇದಲ್ಲದೆ ಇನ್ನೊಂದು ಮಾತುಂಟು. ನಮ್ಮ ನ್ಯಾಯಾಲಯಗಳು ಕಳ್ಳನಿಗೆ ಏನು ಶಿಕ್ಷೆ ಕೊಡುತ್ತವೆ? ಸಾಧಾರಣ ಕಳ್ಳತನಕ್ಕೆ ಹೆಚ್ಚೆಂದರೆ ೩ ವರುಷಗಳ ಸಜೆ. ವಾಸದ ಮನೆಯೊಳಗಿನ ಕಳ್ಳತನಕ್ಕೆ ಹೆಚ್ಚೆಂದರೆ ೭ ವರುಷಗಳು. ಕದ್ದದ್ದು ೫,೦೦೦ ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಅದು ಅವನ ಮೊದಲನೇ ಅಪರಾಧವಾಗಿದ್ದು, ಮಾಲನ್ನಾಗಲಿ ಅದರ ಬೆಲೆಯನ್ನಾಗಲಿ ತಿರುಗಿ ಕೊಟ್ಟರೆ, ಸಮುದಾಯ ಸೇವೆ ಮಾಡಿಸುವದೇ ಶಿಕ್ಷೆಯೆಂದು ಹೊಸ ಸಂಹಿತೆಯ ೩೦೩ನೇ ಕಲಮು ಹೇಳುತ್ತದೆ. ಸಾಕ್ಷಿಗಳನ್ನು ಕೇಳಿ, ಎರಡೂ ಕಡೆಯ ವಕೀಲರ ವಾದವನ್ನು ಆಲಿಸಿ, ಸಮಾಧಾನದಿಂದ ತೀರ್ಪು ಬರೆಯುವ ನ್ಯಾಯಾಧೀಶನಿಗೆ ಬರೀ ಕಳ್ಳತನಕ್ಕಾಗಿ ಮರಣದಂಡನೆ ಕೊಡುವ ಅಧಿಕಾರವಿಲ್ಲ. ಹೀಗಿರಲಾಗಿ, ನಿದ್ದೆಗಣ್ಣಿನಲ್ಲಿ ಎದ್ದು ಕೋಪದಿಂದ ನಡುಗುತ್ತಿರುವ ಒಡೆಯನಿಗೆ ಆ ಅಧಿಕಾರ ಎಲ್ಲಿಂದ ಬರುವದು?

ಕಾನೂನು ಭಯಪಟ್ಟವನ ಮೇಲೆ ನಿರ್ದಯವಾಗಿ ನಡಕೊಳ್ಳುತ್ತದೆಂದು ಯಾರೂ ತಿಳಿಯಬಾರದು. ಪಂಜಾಬಿನ ಒಂದು ಹೊಲದ ವ್ಯಾಜ್ಯದಲ್ಲಿ ಹಲವರ ಕೊಲೆಯಾಗಿ, ಆ ಮೊಕದ್ದಮೆಯು ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅಪಾಯದ ಗಳಿಗೆಯಲ್ಲಿರುವವನ ಮನಸ್ಸಿನ ಕಳವಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅವನು ಮಾಡಿದ್ದನ್ನು ಬಂಗಾರ ತೂಗುವ ತಕ್ಕಡಿಯಲ್ಲಿಟ್ಟು ತೂಗಬಾರದು ಎಂಬ ನಿಯಮವನ್ನು ನ್ಯಾಯಾಧೀಶರು ಒಪ್ಪಿಕೊಂಡರು. ಆದರೆ ಎದುರಾಳಿಗಳು ಬೆನ್ನು ತೋರಿಸಿ ಓಡತೊಡಗಿದ ಮೇಲೆ ದೂರದಿಂದ ಗುಂಡು ಹಾರಿಸಿದ್ದನ್ನು ಅದೇ ನ್ಯಾಯಾಲಯವು ರಕ್ಷಣೆಯೆಂದು ಒಪ್ಪಲಿಲ್ಲ. ಅಪಾಯ ಮುಗಿದ ಕೂಡಲೆ ಹಕ್ಕೂ ಮುಗಿಯಿತು. ಮುಂಚಿತವಾದ ಸಂಕಲ್ಪವಿಲ್ಲದೆ, ಸದ್ಭಾವದಿಂದ ರಕ್ಷಣೆಗೆ ಕೈಹಾಕಿ, ಮಿತಿಯನ್ನು ದಾಟಿ ಒಬ್ಬನನ್ನು ಕೊಂದರೆ ಅದು ಕೊಲೆಯೆಂದು ಎಣಿಸಲ್ಪಡದೆ ಅದಕ್ಕಿಂತ ಕಡಿಮೆಯಾದ ಅಪರಾಧವೆಂದು ಎಣಿಸಲ್ಪಡುತ್ತದೆ. ಕಡಿಮೆಯಾದರೂ ಅಪರಾಧವೇ, ಅದಕ್ಕೂ ವರುಷಾನುಗಟ್ಟಲೆ ಸಜೆ ಉಂಟು.

ಭಯದಿಂದ ಹೊಡೆದವನಿಗೆ ಕನಿಕರ ತೋರಿಸುವ ಕಾನೂನು ಬೋನು ಇಟ್ಟವನಿಗೆ ಅದನ್ನು ತೋರಿಸುವದಿಲ್ಲ. ಇದು ನಮ್ಮ ಕಾಲದಲ್ಲಿ ಅತ್ಯಗತ್ಯವಾದ ಮಾತು. ಹಿಂದೆ ಇಂಗ್ಲೆಂಡಿನ ಜಮೀನ್ದಾರರು ತಮ್ಮ ತೋಪುಗಳಲ್ಲಿ ತಂತಿ ಎಳೆದು, ಕಾಲು ತಾಗಿದ ಕೂಡಲೆ ತಾನಾಗಿ ಹಾರುವ ಬಂದೂಕುಗಳನ್ನು ಇಡುತ್ತಿದ್ದರು. ೧೮೨೫ರಲ್ಲಿ ತುಲಿಪ್ ಹೂವಿನ ಗೆಡ್ಡೆಗಳ ಕಳ್ಳತನದಿಂದ ಬೇಸತ್ತ ಒಬ್ಬ ತೋಟದವನು ಅಂಥದೊಂದನ್ನು ಇಟ್ಟನು. ಸಿಕ್ಕಿಬಿದ್ದದ್ದು ಹೂವಿನ ಕಳ್ಳನಲ್ಲ. ನೆರೆಯವರ ನವಿಲು ಜಾತಿಯ ಒಂದು ಸಾಕು ಪಕ್ಷಿ ಗೋಡೆ ಹಾರಿ ಬಂದಿತ್ತು. ಅದನ್ನು ಹಿಡಿದುಕೊಡುವದಕ್ಕೆ ಉಪಕಾರಬುದ್ಧಿಯಿಂದ ಗೋಡೆ ಹತ್ತಿ ಇಳಿದ ೧೯ ವಯಸ್ಸಿನ ಹುಡುಗನ ಮೊಣಕಾಲಿಗೆ ಗುಂಡು ತಗಲಿತು. ೧೮೨೭ರಲ್ಲಿ ಆ ದೇಶದ ಪಾರ್ಲಿಮೆಂಟು ರಾತ್ರಿವೇಳೆಯ ವಾಸದ ಮನೆಯ ಹೊರತು ಮಿಕ್ಕೆಲ್ಲಾ ಕಡೆಗಳಲ್ಲಿ ಇಂಥ ಬಂದೂಕುಗಳನ್ನು ನಿಷೇಧಿಸಿತು. ೧೮೨೮ರಲ್ಲಿ ಕೋರ್ಟು ಆ ಹುಡುಗನಿಗೇ ನ್ಯಾಯ ಕೊಟ್ಟಿತು.

ನಮ್ಮ ದೇಶದಲ್ಲಿಯೂ ಹೀಗೆಯೇ ನಡೆದದೆ. ಬಿಹಾರದಲ್ಲಿ ಒಂದು ಮನೆಯ ಕಕ್ಕಸಿನ ಗೋಡೆ ಬಿದ್ದುಹೋದದರಿಂದ ಆ ಮನೆಯವರು ನೆರೆಯವನ ಕಕ್ಕಸನ್ನು ಉಪಯೋಗಿಸತೊಡಗಿದರು. ಅವನು ಬೇಡವೆಂದು ಗದರಿಸಿದನು, ಅವರು ಕೇಳಲಿಲ್ಲ. ಕಡೆಗೆ ಅವನು ಕಕ್ಕಸಿಗೆ ಹೋಗುವ ದಾರಿಯಲ್ಲಿ ವಿದ್ಯುತ್ತು ಹರಿಯುವ ಬರೀ ತಂತಿಯನ್ನು ಕಟ್ಟಿದನು. ಒಳಗೆ ಹೋಗುವಾಗ ತಪ್ಪಿಸಿಕೊಂಡ ಒಬ್ಬ ಹೆಂಗಸು ಹೊರಗೆ ಬರುವಾಗ ಕೈ ತಾಗಿ ಸತ್ತಳು. ನನ್ನ ಸೊತ್ತನ್ನು ಕಾಪಾಡಿಕೊಂಡೆನು ಎಂಬ ಅವನ ವಾದವನ್ನು ಸರ್ವೋಚ್ಚ ನ್ಯಾಯಾಲಯವು ೧೯೬೩ರಲ್ಲಿ ತಳ್ಳಿಹಾಕಿತು. ಅಪ್ಪಣೆಯಿಲ್ಲದೆ ಒಳಗೆ ಬಂದವನು ತಪ್ಪುಗಾರನೇ. ಆದರೂ ಯಾರು ಬೇಕಾದರೂ ಕೊಲ್ಲಬಹುದಾದ ಕಾಡುಮೃಗವಲ್ಲ, ಕಾನೂನಿನ ನೆರಳು ಅವನ ಮೇಲೆಯೂ ಅದೆ ಎಂಬದೇ ಆ ತೀರ್ಪಿನ ಸಾರ.

ಇದನ್ನು ಓದಿ, ಹಂದಿಗೆಂದು ಹೊಲದ ಸುತ್ತಲೂ ತಂತಿ ಎಳೆದು ಮನೆಯ ಕರೆಂಟನ್ನು ಅದಕ್ಕೆ ಕೊಡುವವರು ಎದೆಯನ್ನು ಮುಟ್ಟಿ ನೋಡಿಕೊಳ್ಳಲಿ. ಬಂದವನು ಕಳ್ಳನೋ, ಕರು ಹುಡುಕುತ್ತಾ ಬಂದ ನೆರೆಯವನೋ, ಬಹಿರ್ದೆಸೆಗೆ ಹೊರಟ ಮುದುಕಿಯೋ, ತನ್ನ ಸ್ವಂತ ಮಗನೋ ಎಂದು ತಂತಿ ಕೇಳುವದಿಲ್ಲ. ಒಡೆಯನಿಗೆ ಕಣ್ಣುಂಟು, ಎತ್ತಿದ ಕೋಲನ್ನು ಅವನು ಇಳಿಸಬಲ್ಲನು. ತಂತಿಗೆ ಕಣ್ಣಿಲ್ಲ. ಒಡೆಯನಿಗೆ ಭಯವುಂಟು, ಆ ಭಯವೇ ಅವನ ನೆವ. ಹಾಸಿಗೆಯಲ್ಲಿ ಸುಖವಾಗಿ ಮಲಗಿರುವವನಿಗೆ ಆ ಗಳಿಗೆಯಲ್ಲಿ ಯಾವ ಭಯವಿತ್ತು? ಪ್ರಾಣಭಯದಿಂದ ಹುಟ್ಟಿದ ಹಕ್ಕನ್ನು ಭಯವೇ ಇಲ್ಲದ ತಂತಿಗೆ ವಹಿಸಿಕೊಡಲಾಗದು. ಬೇಲಿ ಬೇಕೇ ಆದರೆ ಸೌರ ಬೇಲಿಯ ಸರಿಯಾದ ಯಂತ್ರ ಉಂಟು. ಅದು ಕ್ಷಣಮಾತ್ರದ ಅಳತೆಯ ಏಟನ್ನು ಬಿಟ್ಟು ಬಿಟ್ಟು ಕೊಟ್ಟು ಬೆದರಿಸುವದೇ ಹೊರತು, ಹಿಡಿದುಕೊಂಡು ಕೊಲ್ಲುವದಿಲ್ಲ.

ಕಡೇದಾಗಿ, ಸಿಕ್ಕಿಬಿದ್ದ ಕಳ್ಳನ ವಿಷಯ. ಕಂಬಕ್ಕೆ ಕಟ್ಟಿ, ಬಂದವರು ಹೋದವರು ಒಂದೊಂದು ಪೆಟ್ಟು ಹೊಡೆಯುವದು ಎಷ್ಟೋ ಊರುಗಳಲ್ಲಿ ನ್ಯಾಯವೆಂದು ಎಣಿಸಲ್ಪಡುತ್ತದೆ. ೪೩ನೇ ಕಲಮಿನ ಪ್ರಕಾರ ಕಳ್ಳತನದ ವಿರೋಧವಾದ ಹಕ್ಕು, ಕಳ್ಳನು ಮಾಲಿನೊಂದಿಗೆ ತಪ್ಪಿಸಿಕೊಂಡು ಹೋಗುವ ವರೆಗೆ, ಇಲ್ಲವೆ ಸರಕಾರದವರ ಸಹಾಯ ಸಿಕ್ಕುವ ವರೆಗೆ, ಇಲ್ಲವೆ ಮಾಲು ತಿರುಗಿ ಕೈಸೇರುವ ವರೆಗೆ ಮಾತ್ರ. ಕೈಕಾಲು ಕಟ್ಟಲ್ಪಟ್ಟು ಮಾಲು ತಿರುಗಿ ಸಿಕ್ಕಿದ ಮೇಲೆ ಬೀಳುವ ಒಂದೊಂದು ಪೆಟ್ಟೂ ಅಪರಾಧವೇ. ೨೦೧೮ರ ಫೆಬ್ರವರಿಯಲ್ಲಿ ಕೇರಳದ ಅಟ್ಟಪ್ಪಾಡಿಯಲ್ಲಿ, ಅಕ್ಕಿ ಮೊದಲಾದ ತಿನ್ನುವ ಪದಾರ್ಥಗಳನ್ನು ಕದ್ದನೆಂದು ಒಬ್ಬ ಬಡ ಗಿರಿಜನ ಯೌವನಸ್ಥನನ್ನು ಜನರು ಕಾಡಿನಿಂದ ಹಿಡಿದು ತಂದು ಹೊಡೆದರು, ಅವನು ಸತ್ತನು. ೨೦೨೩ರ ಏಪ್ರಿಲಿನಲ್ಲಿ ಕೋರ್ಟು ೧೪ ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ, ಅವರಲ್ಲಿ ೧೩ ಮಂದಿಗೆ ೭ ವರುಷಗಳ ಕಠಿಣ ಸಜೆಯನ್ನು ವಿಧಿಸಿತು. ಒಂದಿಷ್ಟು ಅಕ್ಕಿಯ ಆಪಾದನೆಗೆ ಒಬ್ಬನ ಪ್ರಾಣವೂ ಅಷ್ಟು ಕುಟುಂಬಗಳ ನೆಮ್ಮದಿಯೂ ಹೋದವು. ಹಸಿದವನು ಕದ್ದದ್ದಕ್ಕೂ ಹೊಟ್ಟೆ ತುಂಬಿದವರು ಕೊಂದದ್ದಕ್ಕೂ ಇರುವ ಅಂತರವನ್ನು ವಾಚಕರು ತಾವೇ ಅಳೆಯಲಿ.

ಹಾಗಾದರೆ ಏನು ಮಾಡಬೇಕು? ಶಬ್ದ ಕೇಳಿದರೆ ದೀಪ ಹಚ್ಚಿರಿ, ಗಟ್ಟಿಯಾಗಿ ಕೂಗಿರಿ, ನೆರೆಯವರನ್ನು ಎಬ್ಬಿಸಿರಿ, ೧೧೨ನೇ ನಂಬರಿಗೆ ಫೋನು ಮಾಡಿರಿ. ಕಳ್ಳನು ಓಡಿದರೆ ಓಡಲಿ. ಮುಖವನ್ನೂ ಬಟ್ಟೆಯನ್ನೂ ಗುರುತಿಟ್ಟುಕೊಳ್ಳಿರಿ. ಕಣ್ಣೆದುರಿಗೇ ಕಳವು ಮಾಡಿದವನನ್ನು ಹಿಡಿದರೆ, ನಾಗರಿಕ ಸುರಕ್ಷಾ ಸಂಹಿತೆಯ ೪೦ನೇ ಕಲಮಿನಂತೆ ತಡಮಾಡದೆ, ೬ ತಾಸುಗಳೊಳಗಾಗಿ, ಪೋಲೀಸರಿಗೆ ಒಪ್ಪಿಸಿರಿ. ಅಷ್ಟರ ವರೆಗೆ ಅವನಿಗೆ ನೀರು ಕೊಡಿರಿ, ಕೋಪಗೊಂಡವರಿಂದ ಅವನನ್ನು ಕಾಪಾಡಿರಿ. ಆದರೆ ಅವನು ಕತ್ತಿ ಎತ್ತಿ ನಿಮ್ಮ ಮೇಲೆಯೋ ನಿಮ್ಮವರ ಮೇಲೆಯೋ ಬಿದ್ದರೆ, ತಪ್ಪಿಸಿಕೊಳ್ಳುವದಕ್ಕೆ ಬೇರೆ ದಾರಿ ಕಾಣದಿದ್ದರೆ, ಆಗ ಹೆದರಬೇಡಿರಿ. ನಿಮ್ಮನ್ನೂ ನಿಮ್ಮವರನ್ನೂ ಕಾಪಾಡಿಕೊಳ್ಳಿರಿ. ಆ ಗಳಿಗೆಯಲ್ಲಿ ಕಾನೂನು ನಿಮ್ಮ ಪಕ್ಷದಲ್ಲಿ ನಿಲ್ಲುತ್ತದೆ.

ಕೋಪವು ಬಂದ ಮೇಲೆ ಕಲಮುಗಳನ್ನು ನೆನಪಿಗೆ ತರುವದಕ್ಕೆ ಯಾರಿಗೂ ಆಗದು. ಆದದರಿಂದ ಹಗಲಲ್ಲಿ, ಮನಸ್ಸು ಸಮಾಧಾನವಾಗಿರುವಾಗಲೇ, ಪ್ರತಿಯೊಬ್ಬ ಗೃಹಸ್ಥನು ತನ್ನ ಮಕ್ಕಳ ಮುಂದೆ ಕೂತು ಇದನ್ನು ನಿಶ್ಚಯಿಸಿಕೊಳ್ಳಲಿ: ಸೊತ್ತಿಗೆ ಅಪಾಯ ಬಂದರೆ ಕೂಗುವೆವು, ಓಡಿಸುವೆವು, ಹಿಡಿಯುವೆವು, ಪ್ರಾಣಕ್ಕೆ ಅಪಾಯ ಬಂದರೆ ಮಾತ್ರ ಪ್ರಾಣ ಹೋಗುವಂಥ ಪೆಟ್ಟನ್ನು ಹೊಡೆಯುವೆವು. ಕಳೆದುಹೋದ ರಾಶಿಗೆ ಮುಂದಿನ ಸುಗ್ಗಿ ಉಂಟು. ಆದರೆ ಒಬ್ಬ ಮನುಷ್ಯನನ್ನು ನಿಷ್ಕಾರಣವಾಗಿ ಕೊಂದವನು ಎಷ್ಟು ಸುಗ್ಗಿಗಳು ಬಂದರೂ ಆ ರಾತ್ರಿಯನ್ನು ತಿರುಗಿ ಪಡೆಯಲಾರನು.